ಸಾಕುಹಾವಿನ ಕಡಿತ: ನಿಮ್ಮ ಲೇಖನದ ಬಗ್ಗೆ ಸಂಪಾದಕರ ಮಾತು

ಮಾನ್ಯ ಲೇಖಕರೇ,

ನೀವು ಸಾಕಿದ ಬಾಲ್ ಪೈಥಾನ್ ಎಂಬ ಹೆಬ್ಬಾವು ನಿಮ್ಮ ಕೈಯನ್ನು ಕಚ್ಚಿದ ಪ್ರಸಂಗವನ್ನಿಟ್ಟುಕೊಂಡು ಬರೆದ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಬದಿಗಿಡುವ ಲೇಖನವೂ ಅದಲ್ಲ. ಹಾವಿನ ಚಲನವಲನವನ್ನು ನೀವು ಗಮನಿಸಿರುವ ರೀತಿ ಅಪರೂಪದ್ದು, ಆದ್ದರಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಲೇಖನದ ಮುಕ್ಕಾಲು ಪಾಲು ನೀವು ಬೆಚ್ಚಿದ ಬಗೆ, ಮನೆಯವರ ಗಾಬರಿ ಮತ್ತು ಹಾವಿನ ಮೇಲೆ ನಿಮಗಿರುವ ಅಕ್ಕರೆಯ ವರ್ಣನೆಯಲ್ಲೇ ಕಳೆಯುತ್ತದೆ. ಕಚ್ಚಿಸಿಕೊಂಡವರು ಏನು ಮಾಡಬೇಕೆಂಬುದು ಕೊನೆಯ ಪುಟದಲ್ಲಿ, ಅದೂ ನಾಲ್ಕೇ ಸಾಲಿನಲ್ಲಿ ಬರುತ್ತದೆ. ಇಂಥ ಲೇಖನವನ್ನು ಬಿಡುವಾಗಿ ಕುಳಿತು ಓದುವವರು ಇದ್ದಾರೆ, ನಿಜ. ಆದರೆ ಒಂದು ಕೈಗೆ ಹಾವು ಇನ್ನೂ ಕಚ್ಚಿಕೊಂಡಿರುವಾಗ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಓದುವವರೂ ಇದ್ದಾರೆ. ನೀವು ಬರೆಯಬೇಕಾದದ್ದು ಆ ಎರಡನೆಯವರಿಗಾಗಿ. ಅವರಿಗೆ ನಿಮ್ಮ ಭಯ ಬೇಕಿಲ್ಲ, ಅವರಲ್ಲಿ ಅದು ಬೇಕಾದಷ್ಟಿದೆ.

ಇದಕ್ಕಿಂತ ಗಂಭೀರವಾದ ತೊಂದರೆ ನಿಮ್ಮ ಒಂದು ವಾಕ್ಯದಲ್ಲಿದೆ: "ಸಾಕುವ ಹಾವುಗಳೆಲ್ಲ ವಿಷವಿಲ್ಲದವು, ಆದ್ದರಿಂದ ಆತಂಕಕ್ಕೆ ಕಾರಣವಿಲ್ಲ." ಬಾಲ್ ಪೈಥಾನ್, ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್, ಬೋವಾಗಳ ಮಟ್ಟಿಗೆ ಇದು ಸರಿ. ಆದರೆ ಅಷ್ಟೇ ಜನಪ್ರಿಯವಾದ ಹಾಗ್‌ನೋಸ್ ಹಾವಿಗೆ ಬಾಯಿಯ ಹಿಂಭಾಗದಲ್ಲಿ ಉದ್ದನೆಯ ಹಲ್ಲುಗಳೂ ಸೌಮ್ಯವಾದ ವಿಷವೂ ಇವೆ. ಅದು ಕೆಲವು ನಿಮಿಷ ಅಗಿಯುತ್ತಾ ಕಚ್ಚಿಕೊಂಡರೆ ಕೈ ಊದಿಕೊಳ್ಳುತ್ತದೆ, ಚರ್ಮ ಕಂದುತ್ತದೆ, ಕೆಲವೊಮ್ಮೆ ಬೊಬ್ಬೆಗಳೂ ಏಳುತ್ತವೆ. ಸಾಮಾನ್ಯವಾಗಿ ಜೀವಕ್ಕೆ ಅಪಾಯವಾಗುವುದಿಲ್ಲವಾದರೂ ಇದನ್ನು ಹೆಬ್ಬಾವಿನ ಕಡಿತದ ಸಾಲಿಗೆ ಸೇರಿಸಲಾಗದು. ಹಿಂಬದಿಯ ವಿಷದ ಹಲ್ಲಿನ ಹಾವುಗಳೆಲ್ಲ ಇಷ್ಟು ಸೌಮ್ಯವೂ ಅಲ್ಲ. 1957ರಲ್ಲಿ ಷಿಕಾಗೋದ ಫೀಲ್ಡ್ ಮ್ಯೂಸಿಯಂನ ಉರಗತಜ್ಞ ಕಾರ್ಲ್ ಷ್ಮಿಟ್ ಅವರನ್ನು ಬೂಮ್‌ಸ್ಲ್ಯಾಂಗ್ ಎಂಬ ಆಫ್ರಿಕದ ವಿಷದ ಹಾವಿನ ಮರಿಯೊಂದು ಕಚ್ಚಿತು. ಅದನ್ನು ಲಘುವಾಗಿ ಪರಿಗಣಿಸಿದ ಅವರು ತಮ್ಮ ದೇಹದಲ್ಲಾಗುತ್ತಿದ್ದ ಬದಲಾವಣೆಗಳನ್ನು ಬರೆದಿಟ್ಟುಕೊಳ್ಳುತ್ತಾ ಹೋದರು, ಮರುದಿನ ತೀರಿಕೊಂಡರು. 1975ರಲ್ಲಿ ಜರ್ಮನಿಯ ಉರಗತಜ್ಞ ರಾಬರ್ಟ್ ಮೆರ್ಟೆನ್ಸ್ ತಾವೇ ಸಾಕಿದ್ದ ಆಫ್ರಿಕದ ಟ್ವಿಗ್ ಸ್ನೇಕ್ ಕಚ್ಚಿ 18 ದಿನ ನರಳಿ ಮೃತಪಟ್ಟರು. ಜೀವಮಾನವಿಡೀ ಹಾವುಗಳನ್ನೇ ಅಭ್ಯಸಿಸಿದವರ ಪಾಡು ಇದು. ಹೀಗಿರುವಾಗ ಲೇಖನದ ಮೊದಲ ಪ್ರಶ್ನೆ "ಕಚ್ಚಿದ್ದು ಯಾವ ಹಾವು?" ಎಂಬುದೇ ಆಗಬೇಕು, ಉಳಿದ ಸಲಹೆಗಳೆಲ್ಲ ಅದಕ್ಕೆ ಬರುವ ಉತ್ತರವನ್ನು ಅನುಸರಿಸಿ ಕವಲೊಡೆಯಬೇಕು.

ಏಕೆಂದರೆ ಒಂದು ಬಗೆಯ ಹಾವಿಗೆ ಸರಿಯಾದ ಸಲಹೆ ಇನ್ನೊಂದಕ್ಕೆ ತಪ್ಪಾಗುತ್ತದೆ. ಹೆಬ್ಬಾವು ಕಚ್ಚಿಕೊಂಡಾಗ ಅವಸರಪಡಬಾರದು. ಹಾಗ್‌ನೋಸ್ ಕಚ್ಚಿಕೊಂಡಾಗ ತಡಮಾಡಬಾರದು, ಅದರ ವಿಷ ನಿಧಾನವಾಗಿ ಒಳಗಿಳಿಯುವಂಥದ್ದಾದ್ದರಿಂದ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಇನ್ನು ನಾಗರ ಅಥವಾ ಮಂಡಲದ ಜಾತಿಯ ಹಾವುಗಳನ್ನು ಸಾಕಿದವರ ಮಾತೇ ಬೇರೆ: ಕೈಯನ್ನು ಅಲುಗಾಡಿಸದೆ ಇಟ್ಟುಕೊಂಡು, ಉಂಗುರ, ಬಳೆ, ಗಡಿಯಾರಗಳನ್ನು ತೆಗೆದು, ತಕ್ಷಣ ತುರ್ತು ವಾಹನ ಕರೆಸಿ ಆಸ್ಪತ್ರೆ ಸೇರಬೇಕು; ಗಾಯ ಕೊಯ್ಯುವುದು, ಬಾಯಿಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂಜುಗಡ್ಡೆ ಇಡುವುದು ಯಾವುದೂ ಕೂಡದು. ಪ್ರತಿವಿಷವು ಆಯಾ ಹಾವಿನ ವಿಷಕ್ಕೆ ತಕ್ಕುದಾಗಿರಬೇಕು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಆ ಪ್ರದೇಶದ ಹಾವುಗಳಿಗೆ ಬೇಕಾದದ್ದು ಮಾತ್ರ. ಬೇರೆ ಖಂಡದ ಹಾವನ್ನು ಮನೆಯಲ್ಲಿಟ್ಟುಕೊಂಡವರು ಅದರ ವೈಜ್ಞಾನಿಕ ಹೆಸರನ್ನೂ ಪ್ರತಿವಿಷ ಎಲ್ಲಿ ಸಿಗುತ್ತದೆಂಬುದನ್ನೂ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿರಬೇಕು, ಏಕೆಂದರೆ ಆಸ್ಪತ್ರೆ ತಲುಪುವ ಹೊತ್ತಿಗೆ ಕಚ್ಚಿಸಿಕೊಂಡವರಿಗೆ ಮಾತನಾಡಲು ಆಗದೆ ಹೋಗಬಹುದು.

ಈಗ ನಿಮ್ಮದೇ ಪ್ರಸಂಗಕ್ಕೆ ಬರುತ್ತೇನೆ. "ಒಂದೇ ಏಟಿಗೆ ಕೈ ಎಳೆದುಕೊಂಡು ಬಿಡಿಸಿಕೊಂಡೆ" ಎಂದು ಬರೆದಿದ್ದೀರಿ, ಅದರಲ್ಲಿ ಒಂದಿಷ್ಟು ಹೆಮ್ಮೆಯೂ ಇಣುಕುತ್ತದೆ. ಓದುಗರು ಅನುಕರಿಸಬಾರದ ಕೆಲಸ ಅದೇ. ಇಂಥ ಹಾವುಗಳ ಬಾಯಲ್ಲಿ ಮೇಲೆ ನಾಲ್ಕು, ಕೆಳಗೆ ಎರಡು ಸಾಲು ಹಲ್ಲುಗಳಿದ್ದು, ಅವು ಗಾಳದ ಮೊನೆಯಂತೆ ಗಂಟಲಿನ ಕಡೆಗೆ ಬಾಗಿರುತ್ತವೆ. ಕೈಯನ್ನು ಹಿಂದಕ್ಕೆಳೆದಷ್ಟೂ ಹಲ್ಲು ಆಳಕ್ಕಿಳಿಯುತ್ತದೆ. ಚುಕ್ಕಿಯಷ್ಟಾಗಬೇಕಿದ್ದ ಗಾಯ ಸೀಳಾಗುತ್ತದೆ, ಹಲ್ಲು ಮುರಿದು ಮಾಂಸದೊಳಗೆ ಉಳಿಯುತ್ತದೆ, ಹಾವಿನ ಒಸಡೂ ಗಾಯಗೊಂಡು ಕೊಳೆಯತೊಡಗಬಹುದು. ಹೆದರಿ ಕಚ್ಚಿದ ಹಾವು ಸಾಮಾನ್ಯವಾಗಿ ಕ್ಷಣಾರ್ಧದಲ್ಲಿ ತಾನಾಗಿಯೇ ಬಿಟ್ಟುಬಿಡುತ್ತದೆ. ಆಹಾರವೆಂದು ತಿಳಿದು ಕಚ್ಚಿದ್ದು ಮಾತ್ರ ಬಿಡದೆ ಸುತ್ತಿಕೊಳ್ಳುತ್ತದೆ. ಆಗ ಮಾಡಬೇಕಾದದ್ದು ಕೈಯನ್ನು ಅಲುಗಾಡಿಸದೆ ಇರುವುದು, ಬಾಲದ ತುದಿಯಿಂದ ಒಂದೊಂದೇ ಸುತ್ತನ್ನು ಬಿಚ್ಚುತ್ತಾ ಬರುವುದು, ಹಾವಿನ ಮುಖದ ಮೇಲೆ ತಣ್ಣೀರು ಹರಿಸುವುದು. ಅಷ್ಟಕ್ಕೂ ಬಿಡದಿದ್ದರೆ ತಲೆಯ ಹಿಂಭಾಗವನ್ನು ಮೆತ್ತಗೆ ಹಿಡಿದು ಮೊದಲು ತುಸು ಮುಂದಕ್ಕೆ, ಎಂದರೆ ಗಾಯದ ಕಡೆಗೇ, ಒತ್ತಬೇಕು. ಹಲ್ಲುಗಳ ಕೊಂಡಿ ಸಡಿಲವಾದ ಮೇಲೆ ಮೇಲಕ್ಕೆತ್ತಬಹುದು. ಬಾಯಿಯ ಅಂಚಿಗೆ ಒಂದೆರಡು ಹನಿ ಮದ್ಯಸಾರ ಹಾಕಿದರೆ ಬಿಡುತ್ತದೆಂಬುದೂ ನಿಜ, ಆದರೆ ಅದರ ಬಾಯಿ ಉರಿಯುವುದರಿಂದ ಅದು ಕೊನೆಯ ಉಪಾಯವಾಗಿರಲಿ. ಎಂಟು ಅಡಿಗಿಂತ ಉದ್ದದ ಹೆಬ್ಬಾವನ್ನು ಒಬ್ಬರೇ ಇರುವಾಗ ಹೊರತೆಗೆಯಲೇಬಾರದು ಎಂಬ ವಾಕ್ಯವನ್ನೂ ಇಲ್ಲೇ ಸೇರಿಸಿ. ಕೊರಳಿಗೆ ಸುತ್ತಿದ ಹಾವನ್ನು ಬಿಚ್ಚಲು ಇನ್ನೊಬ್ಬರ ಕೈಗಳು ಬೇಕು.

ಗಾಯದ ಆರೈಕೆಯ ಬಗ್ಗೆ "ಮುಲಾಮು ಹಚ್ಚಿದೆ, ವಾಸಿಯಾಯಿತು" ಎಂದಷ್ಟೇ ಹೇಳಿ ಮುಗಿಸಿದ್ದೀರಿ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕನಿಷ್ಠ ಐದು ನಿಮಿಷ ತೊಳೆಯುವುದೇ ಚಿಕಿತ್ಸೆಯ ಮುಖ್ಯ ಭಾಗ, ಮುಲಾಮು ಅದರ ನಂತರದ್ದು. ರಕ್ತ ನೋಡುವುದಕ್ಕೆ ಹೆಚ್ಚೆನಿಸಿದರೂ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಹಾವಿನಿಂದ ರೇಬೀಸ್ ಬರುವುದಿಲ್ಲ. ಅನೇಕ ಓದುಗರಿಗೆ ಈ ಭಯವಿರುವುದರಿಂದ ಒಂದು ಸಾಲು ಅದಕ್ಕೂ ಇರಲಿ. ಧನುರ್ವಾಯುವಿನ ಚುಚ್ಚುಮದ್ದು ಪಡೆದು 5 ವರ್ಷಕ್ಕಿಂತ ಹೆಚ್ಚಾಗಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕೇ ಎಂದು ವೈದ್ಯರನ್ನು ಕೇಳಬೇಕು. ಕೀಲಿನ ಮೇಲೆ, ಮುಖದ ಮೇಲೆ, ಕಣ್ಣಿನ ಬಳಿ ಕಚ್ಚಿದ್ದರೆ, ಗಾಯದೊಳಗೆ ಹಲ್ಲು ಉಳಿದ ಅನುಮಾನವಿದ್ದರೆ, ಅಥವಾ ಕೆಂಪು ಹರಡುವುದು, ಬಿಸಿಯಾಗುವುದು, ಕೀವು, ಜ್ವರ ಕಾಣಿಸಿಕೊಂಡರೆ ಮನೆಮದ್ದಿಗೆ ಅಲ್ಲಿಗೇ ನಿಲುಗಡೆ. ಹಾವುಗಳು ನೋಡಲು ಆರೋಗ್ಯವಾಗಿದ್ದರೂ ಹೊಟ್ಟೆಯ ಸೋಂಕು ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಹೊತ್ತಿರಬಲ್ಲವು. 5 ವರ್ಷದೊಳಗಿನ ಮಕ್ಕಳು, ವೃದ್ಧರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗೆ ಅದು ಕಡಿತಕ್ಕಿಂತ ದೊಡ್ಡ ಚಿಂತೆ.

"ಅದೇಕೆ ಹಾಗೆ ಮಾಡಿತೋ ತಿಳಿಯದು" ಎಂಬ ನಿಮ್ಮ ಸಾಲನ್ನು ಒಪ್ಪಲಾರೆ, ಕಾರಣ ನಿಮ್ಮ ಬರಹದಲ್ಲೇ ಇದೆ. ಆಗಷ್ಟೇ ಹೆಪ್ಪುಗಟ್ಟಿಸಿಟ್ಟ ಇಲಿಯನ್ನು ಕರಗಿಸಿ ಬಿಸಿಮಾಡಿದ ಕೈಯನ್ನೇ ತೊಳೆಯದೆ ಪೆಟ್ಟಿಗೆಯೊಳಗೆ ಹಾಕಿದಿರಿ. ಬಾಲ್ ಪೈಥಾನಿನ ತುಟಿಯ ಅಂಚಿನಲ್ಲಿ ಶಾಖವನ್ನು ಗ್ರಹಿಸುವ ಕುಳಿಗಳಿವೆ. ಇಲಿಯ ವಾಸನೆಯ ಬೆಚ್ಚನೆಯ ಕೈ ಅದಕ್ಕೆ ಊಟವೇ ಸರಿ. ಪೊರೆ ಬಿಡುವ ಮುಂಚೆ ಕಣ್ಣು ಮಂಜಾದಾಗ ಮುಟ್ಟದಿರುವುದು, ಉದ್ದನೆಯ ಇಕ್ಕಳದಿಂದಲೇ ಆಹಾರ ಕೊಡುವುದು, ಹೊರತೆಗೆಯುವ ಮುನ್ನ ಕೊಕ್ಕೆಯಿಂದ ಮೆಲ್ಲಗೆ ಸವರಿ ಇದು ಊಟದ ಹೊತ್ತಲ್ಲವೆಂದು ತಿಳಿಸುವುದು, ಇವಕ್ಕೆ ಒಂದು ಪ್ಯಾರಾ ಸಾಕು. ಕಚ್ಚಿದ ಮೇಲೆ ಅದರ ತಲೆಗೆ ತಟ್ಟಿ "ಬುದ್ಧಿ ಕಲಿಸಿದ" ಸಂಗತಿಯನ್ನು ತೆಗೆದುಹಾಕಿ. ಹಾವು ಶಿಕ್ಷೆಯನ್ನು ತಾನು ಕಚ್ಚಿದ್ದಕ್ಕೆ ಜೋಡಿಸಿ ನೋಡುವುದಿಲ್ಲ, ಮನುಷ್ಯನ ಕೈಗೆ ಇನ್ನಷ್ಟು ಹೆದರುತ್ತದೆ ಅಷ್ಟೆ. ರಕ್ತ ಸುರಿಯುವ ಕೈಯ ಚಿತ್ರವೂ ಬೇಡ.

ತಿದ್ದಿದ ಪ್ರತಿಯಲ್ಲಿ ನಿಮ್ಮ ಅನುಭವ ಉಳಿಯಲಿ, ಆದರೆ ಸಲಹೆಗಳ ನಂತರ ಬರಲಿ, ಈಗಿರುವುದರ ಅರ್ಧಕ್ಕೆ ಇಳಿಯಲಿ. ವಿಷದ ಹಾವುಗಳ ಭಾಗವನ್ನು ಹಾವು ಕಡಿತಕ್ಕೆ ಚಿಕಿತ್ಸೆ ನೀಡಿ ಅನುಭವವಿರುವ ವೈದ್ಯರೊಬ್ಬರಿಗೆ ತೋರಿಸಿ, ಅವರು ಮಾಡಿದ ತಿದ್ದುಪಡಿಗಳನ್ನು ಅಳಿಸದೆ ಹಾಗೆಯೇ ಲೇಖನದ ಜೊತೆ ಕಳಿಸಿ. ಅವನ್ನು ನೋಡಿದ ಮೇಲೆಯೇ ಪ್ರಕಟಣೆಯ ವಿಚಾರ ತೀರ್ಮಾನಿಸುತ್ತೇನೆ.

ಇತಿ,
ಸಂಪಾದಕ