ಹುಣ್ಣು ಮಾಯಿತು, ಕಾಯಿಲೆ ಮಾಯಲಿಲ್ಲ

ಪ್ರಶ್ನೆ: ನನಗೆ 29 ವರ್ಷ, ದಾವಣಗೆರೆಯವನು. ಯುಗಾದಿ ಸುಮಾರಿಗೆ ಜನನಾಂಗದ ಮೇಲೆ ಒಂದು ಹುಣ್ಣಾಗಿತ್ತು. ನೋವಿರಲಿಲ್ಲ. ಮೆಡಿಕಲ್ ಶಾಪ್‌ನವರು ಕೊಟ್ಟ ಮುಲಾಮು ಹಚ್ಚಿದೆ, ತಿಂಗಳೊಳಗೆ ಮಾಯಿತು. ಆಮೇಲೆ ನಿಶ್ಚಿತಾರ್ಥ ಆಯಿತು. ಹುಡುಗಿ ಜೊತೆ ಒಮ್ಮೆ ದೈಹಿಕ ಸಂಪರ್ಕವೂ ಆಗಿದೆ. ಈಗ ನನ್ನ ಅಂಗೈ, ಅಂಗಾಲಲ್ಲಿ ಕೆಂಪು ಕಲೆ ಎದ್ದಿವೆ, ತುರಿಕೆ ಇಲ್ಲ. ಗೆಳೆಯ ‘ಉಷ್ಣ ಆಗಿದೆ, ಎಳನೀರು ಕುಡಿ’ ಅಂದ. ಅನುಮಾನ ಬಂದು ಲ್ಯಾಬಿನಲ್ಲಿ ರಕ್ತ ಕೊಟ್ಟೆ. ವಿಡಿಆರ್‌ಎಲ್ ರಿಯಾಕ್ಟಿವ್, 1:64 ಅಂತ ಬಂದಿದೆ. ಆಷಾಢ ಕಳೆದ ಕೂಡಲೇ ಮದುವೆ. ಸದ್ದಿಲ್ಲದೆ ನಾನೊಬ್ಬನೇ ಚಿಕಿತ್ಸೆ ತಗೊಂಡರೆ ಸಾಲದೇ? ಅವಳಿಗೆ ಹೇಳಿದರೆ ಮದುವೆ ಮುರಿಯುತ್ತದೆ.
– ಹೆಸರು ಬೇಡ

ಉತ್ತರ: ಸಾಲದು. ಯಾಕೆ ಅಂತ ಹೇಳುತ್ತೇನೆ, ಮೊದಲು ನಿಮ್ಮ ಕಾಯಿಲೆ ನೋಡೋಣ.

ನೀವು ಬರೆದಿರುವುದೆಲ್ಲ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ಗೆ ಹೊಂದುತ್ತದೆ. ವಿಡಿಆರ್‌ಎಲ್ ಅಂದರೆ ಅದನ್ನು ಪತ್ತೆ ಹಚ್ಚುವ ರಕ್ತ ಪರೀಕ್ಷೆ. ರಿಯಾಕ್ಟಿವ್ ಅಂದರೆ ಪಾಸಿಟಿವ್, 1:64 ಅಂದರೆ ರಕ್ತದ ಮಾದರಿಯನ್ನು 64 ಪಟ್ಟು ತೆಳು ಮಾಡಿದರೂ ಪಾಸಿಟಿವ್ ಬಂತು ಅಂತ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ ಹುಣ್ಣು ಏಳುತ್ತದೆ, ಕೆಲವರಲ್ಲಿ ಮೂರು ತಿಂಗಳೂ ಆಗಬಹುದು. ನೋವಿಲ್ಲದ ಹುಣ್ಣಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರರಿಂದ ಆರು ವಾರದಲ್ಲಿ ಅದು ತಾನಾಗೇ ಮಾಯುತ್ತದೆ. ಮುಲಾಮು ಹಚ್ಚಿದರೂ ಅಷ್ಟೇ, ಹಚ್ಚದಿದ್ದರೂ ಅಷ್ಟೇ. ಅಷ್ಟರಲ್ಲಿ ರೋಗಾಣು ರಕ್ತ ಸೇರಿರುತ್ತದೆ. ಅಂಗೈ, ಅಂಗಾಲಿನ ಕಲೆ ಎರಡನೇ ಹಂತದ ಗುರುತು. ಇವೂ ಚಿಕಿತ್ಸೆ ಇಲ್ಲದೆಯೇ ಹೋಗುತ್ತವೆ. ಆಗ ನಿಮ್ಮ ಗೆಳೆಯ ‘ನೋಡು, ಎಳನೀರು ಹೇಗೆ ಕೆಲಸ ಮಾಡಿತು’ ಅನ್ನುತ್ತಾನೆ! ಆಮೇಲೆ ವರ್ಷಗಟ್ಟಲೆ ಏನೂ ಕಾಣದೇ ಇರಬಹುದು. ಚಿಕಿತ್ಸೆ ಪಡೆಯದ ಕೆಲವರಲ್ಲಿ ಹತ್ತಿಪ್ಪತ್ತು ವರ್ಷದ ಮೇಲೆ ಹೃದಯ, ಮಿದುಳು ಕೆಡುತ್ತವೆ. ಕಣ್ಣು, ಕಿವಿ, ನರಗಳಿಗೆ ಮಾತ್ರ ಯಾವ ಹಂತದಲ್ಲಾದರೂ ತೊಂದರೆ ಆಗಬಹುದು. ಕಣ್ಣು ಮಂಜಾಗಿದ್ದರೆ, ಕಿವಿ ಮಂದವಾಗಿದ್ದರೆ, ವಿಪರೀತ ತಲೆನೋವಿದ್ದರೆ ಇವತ್ತೇ ಆಸ್ಪತ್ರೆಗೆ ಹೋಗಿ.

ಇಂಥ ಕಾಯಿಲೆಗೆ ಮದ್ದು ಮಾತ್ರ ತೀರಾ ಸಾದಾ. 1943ರಲ್ಲಿ ಇದಕ್ಕೆ ಪೆನಿಸಿಲಿನ್ ಕೊಟ್ಟು ನೋಡಿದರು. ಇವತ್ತಿಗೂ ಡಾಕ್ಟರು ಮೊದಲು ಬರೆಯುವುದು ಅದನ್ನೇ. ಸೋಂಕು ತಗುಲಿ ವರ್ಷದೊಳಗಿದ್ದರೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಒಂದೇ ಸಲ. ಇಂಜೆಕ್ಷನ್ ನೋಯುತ್ತದೆ, ಸುಳ್ಳು ಹೇಳಲಾರೆ. ವರ್ಷ ದಾಟಿದ್ದರೆ ವಾರಕ್ಕೊಂದರಂತೆ ಮೂರು ಸಲ. ತಡವಾದಾಗಲೂ ರೋಗಾಣು ಸಾಯುತ್ತದೆ, ಆದರೆ ಅಷ್ಟರೊಳಗೆ ಹಾಳಾದದ್ದು ವಾಪಸ್ ಬರುವುದಿಲ್ಲ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಬೇರೆ ಮಾತ್ರೆ ಇದೆ. ಇಂಜೆಕ್ಷನ್ ಆದ ದಿನ ಜ್ವರ, ಮೈಕೈ ನೋವು ಬಂದರೆ ಗಾಬರಿ ಬೇಡ. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ.

ಜಿಲ್ಲಾಸ್ಪತ್ರೆಯಲ್ಲಿ ಲೈಂಗಿಕ ರೋಗಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ಗೆ ಹೋಗಿ. ಚಿಕಿತ್ಸೆ ಉಚಿತ, ಗುಟ್ಟಾಗಿ ಇಡುತ್ತಾರೆ. ಪರಿಚಯದವರು ಸಿಕ್ಕಾರು ಅನಿಸಿದರೆ ಚಿತ್ರದುರ್ಗಕ್ಕೆ ಹೋಗಿ, ಯಾರು ಬೇಡ ಅಂದರು? ಬೇರೆ ಕಾರಣಕ್ಕೂ ವಿಡಿಆರ್‌ಎಲ್ ರಿಯಾಕ್ಟಿವ್ ಬರುವುದುಂಟು, ಹಾಗಾಗಿ ಸಿಫಿಲಿಸ್ ಹೌದೇ ಅಂತ ಖಚಿತಪಡಿಸಿಕೊಳ್ಳಲು ಟಿಪಿಎಚ್‌ಎ ಅನ್ನುವ ಇನ್ನೊಂದು ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿ. ಮಾತಾಡಿ ತಿಳಿದುಕೊಳ್ಳಬೇಕು ಅಂದರೆ ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ. ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ‘ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ’ಗಳ ಹತ್ತಿರ ಸುಳಿಯಬೇಡಿ.

ಈಗ ಆ ಹುಡುಗಿ ವಿಷಯ. ಹುಣ್ಣು ಮಾಯ್ದ ಮೇಲೆ ತಾನೇ ಸೇರಿದ್ದು, ಅವಳಿಗೇನೂ ಆಗಿರಲ್ಲ ಅಂತ ಲೆಕ್ಕ ಹಾಕುತ್ತಿದ್ದೀರಾ? ಆ ಲೆಕ್ಕ ನಿಲ್ಲುವುದಿಲ್ಲ. ಎರಡನೇ ಹಂತದಲ್ಲೂ ಇದು ಹರಡುತ್ತದೆ. ಹೆಂಗಸರಲ್ಲಿ ಹುಣ್ಣು ಒಳಗಡೆ ಆಗಬಹುದು, ಅವರಿಗೇ ಗೊತ್ತಾಗುವುದಿಲ್ಲ. ಕಳೆದ ಮೂರು ತಿಂಗಳೊಳಗೆ ಸಂಪರ್ಕ ಆಗಿದ್ದರೆ, ರಕ್ತ ಪರೀಕ್ಷೆ ನೆಗೆಟಿವ್ ಬಂದರೂ ಸಂಗಾತಿಗೆ ಇಂಜೆಕ್ಷನ್ ಕೊಡುವುದೇ ಕ್ರಮ. ನೀವೊಬ್ಬರೇ ವಾಸಿಯಾಗಿ ತಾಳಿ ಕಟ್ಟಿದಿರಿ ಅಂತಿಟ್ಟುಕೊಳ್ಳಿ. ಅವಳಲ್ಲಿ ಸೋಂಕಿದ್ದರೆ ಅದು ನಿಮಗೇ ಮತ್ತೆ ಬರಬಹುದು. ಒಮ್ಮೆ ಬಂದುಹೋದರೆ ಇನ್ನು ಬರಲ್ಲ ಅನ್ನುವಂಥ ಕಾಯಿಲೆ ಇದಲ್ಲ.

ಇನ್ನೊಂದಿದೆ. ಬಸುರಿಯಾದಾಗ ತಾಯಿ ಕಾರ್ಡ್ ಮಾಡಿಸಲು ಹೋದರೆ ಈ ರಕ್ತ ಪರೀಕ್ಷೆ ಮಾಡುತ್ತಾರೆ. ಅಲ್ಲಿ ರಿಯಾಕ್ಟಿವ್ ಬಂದರೆ ನಿಮ್ಮ ಮನೆಯವರೇ ಅವಳನ್ನು ‘ಎಲ್ಲಿಂದ ತಂದೆ?’ ಅಂತ ಕೇಳುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಮಗು ಹೊಟ್ಟೆಯಲ್ಲೇ ಹೋಗಬಹುದು, ಇಲ್ಲವೇ ಸೋಂಕು ಹೊತ್ತೇ ಹುಟ್ಟಬಹುದು. ನಿಮ್ಮ ಮುಜುಗರಕ್ಕಾಗಿ ಅವಳು ಇಷ್ಟೆಲ್ಲ ಅನುಭವಿಸಬೇಕಾ?

ಈ ವಾರವೇ ಹೇಳಿ. ವಾಟ್ಸಾಪ್‌ನಲ್ಲಿ ಬೇಡ, ಎದುರಿಗೆ ಕೂತು. ‘ನನಗೆ ಸಿಫಿಲಿಸ್ ಇದೆ. ನಿನ್ನ ಪರಿಚಯಕ್ಕೆ ಮೊದಲು ಬಂದದ್ದು. ನಿನಗೂ ತಗುಲಿರಬಹುದು. ಇಂಜೆಕ್ಷನ್‌ನಿಂದ ವಾಸಿಯಾಗುತ್ತದೆ, ನೀನು ಒಪ್ಪಿದರೆ ಜೊತೆಗೆ ಬರುತ್ತೇನೆ’. ಇಷ್ಟು ಸಾಕು, ಕಥೆ ಕಟ್ಟಬೇಡಿ. ಅತ್ತರೆ, ಬೈದರೆ ಕೇಳಿಸಿಕೊಳ್ಳಿ. ಮದುವೆ ಬೇಡ ಅಂದರೆ ಅದು ಅವಳ ಹಕ್ಕು. ಆಗಲೂ ಅವಳ ಚಿಕಿತ್ಸೆ ಆಗುವ ಹಾಗೆ ನೋಡಿಕೊಳ್ಳಿ. ಎರಡೂ ಮನೆಯವರಿಗೆ ಹೇಳಬೇಕಾ? ನನ್ನ ಪ್ರಕಾರ ಬೇಕಿಲ್ಲ. ಅದು ನಿಮ್ಮಿಬ್ಬರ ತೀರ್ಮಾನ. ಹಾಗೇ, ಈ ಸೋಂಕು ಬಂದ ಕಡೆಗೂ ಒಂದು ಮಾತು ತಲುಪಿಸಿ.

ಡಾಕ್ಟರು ಸರಿ ಅನ್ನುವವರೆಗೆ ಇಬ್ಬರೂ ದೂರ ಇರಿ. ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ವಿಡಿಆರ್‌ಎಲ್ ಮಾಡಿಸಬೇಕು. ಆ 1:64 ಕಾಲುಭಾಗಕ್ಕೆ, ಅಂದರೆ 1:16ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದರೆ ಮದ್ದು ಹಿಡಿದಿದೆ ಅಂತ ಅರ್ಥ. ಟಿಪಿಎಚ್‌ಎ ಮಾತ್ರ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ತೋರಿಸುತ್ತದೆ. ಮುಂದೆ ಎಲ್ಲಾದರೂ ರಕ್ತ ಪರೀಕ್ಷೆಯಲ್ಲಿ ಕಂಡು ಹೊಸ ಡಾಕ್ಟರು ಹುಬ್ಬೇರಿಸಿದರೆ ತೋರಿಸಲು ಇಂಜೆಕ್ಷನ್ ಚೀಟಿ, ರಿಪೋರ್ಟ್ ಎಲ್ಲ ಒಂದು ಫೈಲಿನಲ್ಲಿ ಜೋಪಾನವಾಗಿ ಇಟ್ಟಿರಿ.