ಐವತ್ತು ದಾಟಿದವರ ಕಲಿಕೆ: ಬ್ಯಾಡಗಿ ಕಡೆಯ ಒಂದು ಪ್ರಕರಣ

‘ವಯಸ್ಸಾತು, ಇನ್ನ ತಲಿಗೆ ಹತ್ತೂದಿಲ್ಲ’ ಎಂಬ ಮಾತು ಹಾವೇರಿ ಜಿಲ್ಲೆಯಲ್ಲಿ ನನ್ನ ಬಳಿ ಸಲಹೆಗೆ ಬರುವವರಿಂದ ಮೇಲಿಂದ ಮೇಲೆ ಕೇಳಿಬರುವುದರಿಂದ, ಗುರುತು ಸಿಗದಂತೆ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಹಾಗೆ ಬಂದ ಐವತ್ತೆಂಟರ ಒಬ್ಬರದು ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಮಗನೆದುರು ಪದೇ ಪದೇ ತಪ್ಪಿ, ಮರೆವಿನ ಕಾಯಿಲೆಯೇ ಶುರುವಾಯಿತೆಂದು ನಿದ್ದೆಗೆಟ್ಟಿದ್ದರು. ವೈದ್ಯರ ತಪಾಸಣೆಯಲ್ಲಿ ಅಂಥದ್ದೇನೂ ಕಂಡಿರಲಿಲ್ಲ.

ಎರಡನೆಯ ಭೇಟಿಯಲ್ಲಿ ನಾನು ಕಂಪ್ಯೂಟರ್ ಬಿಟ್ಟು ಕಾಯಿಯ ಮಾತು ತೆಗೆದೆ. ಮುಷ್ಟಿಯಲ್ಲಿ ಹಿಚುಕಿದಾಗ ಸಪ್ಪಳ ಬಂದರೆ ಒಣಗಿದ ಮಾಲು, ಮೆತ್ತಗೆ ಮಡಚಿಕೊಂಡರೆ ಹಸಿ ಉಳಿದಿದೆ ಎಂದು ಅವರು ಬರಿಗೈಯಲ್ಲೇ ಹಿಚುಕಿ ತೋರಿಸಿದರು. ಹೊಸ ಹೈಬ್ರಿಡ್ ಕಾಯಿ ಬಂದಾಗ ಏನು ಮಾಡಿದಿರಿ ಎಂದೆ. ‘ಮೊದಲ ಎರಡು ಸೀಸನ್ ಮೋಸ ಹೋದ್ನಿರಿ ಮೇಡಂ. ಬಣ್ಣ ನೋಡಿದ್ರ ಡಬ್ಬಿನ (ಬ್ಯಾಡಗಿ ಮೆಣಸಿನಕಾಯಿಯ ಒಂದು ತಳಿ) ಅನಸ್ತಿತ್ತು. ಆಮ್ಯಾಲೆ ಕೈಗೆ ಹತ್ತಿತು.’ ಆಗ ವಯಸ್ಸೆಷ್ಟು ಎಂದರೆ, ‘ಐವತ್ತು ದಾಟಿತ್ರಿ’ ಎಂದವರು, ತಾವಾಗಿಯೇ ‘ಅಂದ್ರ ಅದೂ ಕಲ್ತದ್ದ ಅಲ್ಲೇನ್ರಿ?’ ಎಂದು ಕೇಳಿದರು.

ಮಕ್ಕಳ ಮಿದುಳಿಗೂ ನಮ್ಮದಕ್ಕೂ ವ್ಯತ್ಯಾಸವೇ ಇಲ್ಲವೆಂದು ನಾನು ಸಮಾಧಾನ ಹೇಳುವುದಿಲ್ಲ, ಏಕೆಂದರೆ ಅದು ಸುಳ್ಳು. ಎಳವೆಯಲ್ಲಿ ಒಂದು ಕಣ್ಣು ಮುಚ್ಚಿಟ್ಟ ಬೆಕ್ಕಿನ ಮರಿಗೆ ಮುಂದೆ ಆ ಕಣ್ಣಿನ ನೋಟ ಸರಿಯಾಗಿ ದಕ್ಕುವುದಿಲ್ಲ, ಬೆಳೆದ ಬೆಕ್ಕಿಗೆ ಹಾಗಾಗುವುದಿಲ್ಲ ಎಂದು ತೋರಿಸಿದ ಮಿದುಳು ವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಅವರಿಗೆ 1981ರಲ್ಲಿ ನೊಬೆಲ್ ಬಂದಿತು. ಕೆಲವು ಬಾಗಿಲು ಬಾಲ್ಯದಲ್ಲೇ ಮುಚ್ಚುತ್ತವೆ. ಆದರೆ ಎಲ್ಲವೂ ಅಲ್ಲ. ಅರವತ್ತರ ಆಸುಪಾಸಿನವರಿಗೆ ಮೂರು ಚೆಂಡು ಎಸೆದು ಹಿಡಿಯುವ ಆಟ ಕಲಿಸಿದ ಜರ್ಮನಿಯ ಸಂಶೋಧಕರು, ಕಲಿತವರ ಮಿದುಳಿನಲ್ಲಿ ನರಕೋಶಗಳು ತುಂಬಿರುವ ಬೂದು ಭಾಗ ಹಿಗ್ಗಿದ್ದನ್ನು ಸ್ಕ್ಯಾನಿನಲ್ಲಿ ಕಂಡು 2008ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಆಟ ಕೈಗೂಡಲಿಲ್ಲ, ಅಭ್ಯಾಸ ನಿಂತ ಮೇಲೆ ಆ ಹಿಗ್ಗೂ ಇಳಿಯಿತು. ಆದ್ದರಿಂದಲೇ ನಾನು ದಿನನಿತ್ಯದ ರೂಢಿಗೆ ಒತ್ತುಕೊಟ್ಟೆ: ಬೆಳಿಗ್ಗೆ ಅರ್ಧ ತಾಸು, ಒಂದೇ ಕೆಲಸ, ಅದು ಕೂತ ಮೇಲೆಯೇ ಇನ್ನೊಂದು, ರಾತ್ರಿ ತುಂಬು ನಿದ್ದೆ.

ಮಗನಿಗೆ ಹೇಳಿದ್ದು ಇನ್ನೂ ಕಠಿಣ. ‘ನಾನ ಮಾಡ್ತೀನಲ್ರಿ, ಅಪ್ಪಾರಿಗೆ ಯಾಕ ತ್ರಾಸು’ ಎಂದ ಅವರಿಗೆ, ಅಪ್ಪ ತಪ್ಪಿದಾಗ ಕೀಬೋರ್ಡಿಗೆ ಕೈ ಹಾಕಬೇಡಿ, ತಪ್ಪನ್ನು ಅವರೇ ಹುಡುಕಲಿ ಎಂದೆ. ಇದು ನಿಷ್ಠುರವೆಂದು ಮನೆಯವರಿಗೆ ಅನಿಸಿತು. ಆದರೆ ಕೈಯಿಂದ ಕೆಲಸ ಕಸಿದುಕೊಂಡು ವಿಶ್ರಾಂತಿ ಕೊಟ್ಟೆವೆಂದುಕೊಳ್ಳುವ ಪ್ರೀತಿ ಹಿರಿಯರನ್ನು ಬೇಗ ಮೂಲೆಗೆ ಕೂಡಿಸುತ್ತದೆಂಬುದು ನನ್ನ ದೃಢ ನಂಬಿಕೆ. ಈಗ ಚೀಲದ ತೂಕದ ಎಂಟ್ರಿ ಅವರದೇ; ಬಿಲ್ಲು ಇನ್ನೂ ಮಗನ ಕೈಯಲ್ಲಿದೆ.