ಬಾಡಿ ನಿಮ್ಮ ಶೆಡ್ಡಲ್ಲಿ, ಎಂಜಿನ್ ಭಾಮೈದನ ಸ್ಟೋರಲ್ಲಿ

ಪ್ರಶ್ನೆ: ಅಕ್ಕ, ನಾನು ಸುಂಟಿಕೊಪ್ಪ ಕಡೆಯವನು. ವಯಸ್ಸು 47. ಎಂಟು ಎಕರೆ ಕಾಫಿ ತೋಟ ಇದೆ. ನಮ್ಮ ಶೆಡ್ಡಲ್ಲಿ ಮಾವನವರ 1964ರ ಪೆಟ್ರೋಲ್ ಜೀಪು ನಿಂತಿದೆ, ಹೈ ಬಾನೆಟ್ಟಿನದ್ದು. ಅವರಿದ್ದಾಗಲೇ ‘ನೀವಿಬ್ಬರೂ ಸೇರಿ ಸರಿ ಮಾಡಿ ಓಡಿಸಿ’ ಅಂತ ನನಗೂ ಹೆಂಡತಿಯ ತಮ್ಮನಿಗೂ ಕೊಟ್ಟರು. ಆರ್‌ಸಿ ಇನ್ನೂ ಅವರ ಹೆಸರಲ್ಲೇ ಇದೆ. ಎರಡು ವರ್ಷ, ಭಾನುವಾರ ಬಂತು ಅಂದರೆ ನಾವಿಬ್ಬರೂ ಅದರಡಿಯಲ್ಲೇ. ಚಾಸಿ, ಬಾಡಿ ಕೆಲಸ ನಮ್ಮಲ್ಲಿ ಆಯ್ತು. ಎಂಜಿನ್ ಬಿಚ್ಚಿ ಬೋರ್ ಮಾಡಿಸಿ (ಸವೆದ ಸಿಲಿಂಡರಿನ ಒಳಗೋಡೆ ಕೊರೆಸಿ) ಸಿದ್ದಾಪುರದ ಹತ್ತಿರ ಅವನ ಮನೆಯಲ್ಲಿಟ್ಟೆವು. 2019ರಲ್ಲಿ ಮಾವ ತೀರಿಕೊಂಡರು. ಆಸ್ತಿ ಕಾಗದಕ್ಕೆ ಹೆಂಡತಿ ಸಹಿ ಹಾಕಿದ ದಿನ, ಎಲ್ಲರೂ ಊಟಕ್ಕೆ ಕೂತಾಗ, ‘ನಮಗೆ ಸಿಕ್ಕಿದ್ದು ಒಂದು ಗುಜರಿ ಜೀಪು ಅಷ್ಟೇ’ ಅಂದುಬಿಟ್ಟೆ. ಅವತ್ತಿಂದ ಮಾತಿಲ್ಲ. ಎಂಜಿನ್ ಇನ್ನೂ ಅವನ ಸ್ಟೋರಲ್ಲಿ ಹಲಗೆ ಮೇಲೆ, ಟಾರ್ಪಲ್ ಹೊದ್ದು ಕೂತಿದೆಯಂತೆ. ಅದರ ಕಾರ್ಬುರೇಟರ್, ಅದೇ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ, ನಮ್ಮ ಬೀರುವಿನಲ್ಲಿದೆ. ಈಗ ಮಗಳ ಕಾಲೇಜು ಫೀಸಿಗೆ ಹಣ ಬೇಕು. ಬೆಂಗಳೂರಿನವರೊಬ್ಬರು ಎಂಜಿನ್ ಸಮೇತ ಕೊಟ್ಟರೆ ಎರಡು ಮುಕ್ಕಾಲು ಲಕ್ಷ, ಇಲ್ಲದಿದ್ದರೆ 80 ಸಾವಿರ ಅನ್ನುತ್ತಾರೆ. ‘ಎಂಜಿನ್ ಬರ್ತದೆ’ ಅಂತ ಹೇಳಿ 10 ಸಾವಿರ ಅಡ್ವಾನ್ಸ್ ತಗೊಂಡಿದ್ದೇನೆ. ಬೇರೆ ಡೀಸೆಲ್ ಎಂಜಿನ್ ಕೂರಿಸಿ ಮಾರು ಅಂತ ಗೆಳೆಯರು ಹೇಳುತ್ತಾರೆ. ಹೆಂಡತಿಯನ್ನು ಕೇಳಿದರೆ ‘ನಿಮ್ಮಿಷ್ಟ’ ಅನ್ನುತ್ತಾಳೆ. ಆದರೆ ಪ್ರತಿ ವರ್ಷ ಆಯುಧಪೂಜೆಗೆ ಬಾನೆಟ್ಟಿಗೆ ಕುಂಕುಮ ಇಡುತ್ತಾಳೆ. ಏನು ಮಾಡಲಿ?

ಉತ್ತರ: ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಜೀಪನ್ನು ನೀವೊಬ್ಬರೇ ಮಾರೋಕೆ ಆಗಲ್ಲ. ಕಾಗದದ ಲೆಕ್ಕದಲ್ಲಿ ನೀವು ಅದಕ್ಕೆ ಯಾರೂ ಅಲ್ಲ.

ಮಾವ ಬಾಯಿಮಾತಲ್ಲಿ ಕೊಟ್ಟರು, ನಿಜ. ಆದರೆ ಆರ್‌ಟಿಒ ಕೌಂಟರಿನಲ್ಲಿ ಬಾಯಿಮಾತು ನಡೆಯಲ್ಲ. ಮಾಲೀಕರು ತೀರಿಕೊಂಡರೆ ವಾರಸುದಾರರು ಫಾರಂ 31 ಕೊಟ್ಟು ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇದಕ್ಕೆ ಮೂರು ತಿಂಗಳ ಗಡುವಿದೆ, ನೀವು ಅದನ್ನು ಎಂದೋ ದಾಟಿದ್ದೀರಿ. ಅದಾದ ಮೇಲೆ ಮಾರುವುದಕ್ಕೆ ಫಾರಂ 29 ಮತ್ತು 30. ವಾರಸುದಾರರು ಯಾರು? ನಿಮ್ಮ ಅತ್ತೆ, ನಿಮ್ಮ ಹೆಂಡತಿ, ನಿಮ್ಮ ಭಾಮೈದ. ಒಬ್ಬರ ಹೆಸರಿಗೆ ಆಗಬೇಕಾದರೆ ಉಳಿದವರ ಒಪ್ಪಿಗೆ ಬೇಕು. ಈ ಪಟ್ಟಿಯಲ್ಲಿ ಅಳಿಯ ಇಲ್ಲ.

‘ಹಾಗೇ ಕೊಟ್ಟುಬಿಡ್ತೀನಿ, ಕಾಗದ ಅವರೇ ನೋಡಿಕೊಳ್ಳಲಿ’ ಅಂತ ಯೋಚಿಸಬೇಡಿ. ಗಾಡಿ ಕೈ ಬದಲಾದರೂ ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಾಳೆ ಆ ಬೆಂಗಳೂರಿನವರು ಎಲ್ಲಾದರೂ ಗುದ್ದಿದರು ಅಂತಿಟ್ಟುಕೊಳ್ಳಿ. ನೋಟಿಸ್ ಹುಡುಕಿಕೊಂಡು ಬರುವುದು ಮಾವನವರ ವಿಳಾಸಕ್ಕೆ. ಆ ಮನೆಯಲ್ಲಿ ಈಗ ಬಾಗಿಲು ತೆಗೆಯುವವರು ಯಾರು?

ಡೀಸೆಲ್ ಎಂಜಿನ್ ವಿಷಯ. ಈ ಸಲಹೆ ಕೊಟ್ಟ ಗೆಳೆಯರಿಗೆ ಒಂದು ಕಾಫಿ ಕೊಟ್ಟು ಕಳಿಸಿ, ಮಾತು ಮಾತ್ರ ಕೇಳಬೇಡಿ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಒಂದು, ಗಾಡಿಯಲ್ಲಿರುವುದು ಇನ್ನೊಂದು ಆದರೆ, ಅನುಮತಿ ಇಲ್ಲದೆ ಬದಲಾಯಿಸಿದ ಗಾಡಿ ಅಂತ ಲೆಕ್ಕ. ಅದು ಬಿಡಿ. ಹೈ ಬಾನೆಟ್ ಅಂದಿರಲ್ಲ, ಅದು ಸಿಜೆ 3ಬಿ ಅನ್ನುವ ಮಾಡೆಲ್. 1953ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿ ತಂದದ್ದು, ಆಮೇಲೆ ನಮ್ಮಲ್ಲಿ ಮಹೀಂದ್ರಾದವರು ದಶಕಗಟ್ಟಲೆ ಮಾಡಿದ್ದು. ಆ ಬಾನೆಟ್ ಎತ್ತರ ಆಗಿದ್ದೇ ಎಂಜಿನ್ ದೆಸೆಯಿಂದ. ಹರಿಕೇನ್ ಅನ್ನುವ ಆ 2.2 ಲೀಟರ್ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲ್ ಒಳಗೆಳೆಯುವ ವಾಲ್ವನ್ನು ಪಕ್ಕದಿಂದ ತೆಗೆದು ತಲೆ ಮೇಲೆ ಕೂರಿಸಿದರು. ಎಂಜಿನ್ ಎತ್ತರ ಆಯ್ತು, ಹಳೇ ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ. ಬಾನೆಟ್ಟನ್ನೇ ಎತ್ತರಿಸಿದರು. ಅಂದರೆ ನಿಮ್ಮ ಶೆಡ್ಡಲ್ಲಿರುವುದು, ಭಾಮೈದನ ಸ್ಟೋರಲ್ಲಿರುವ ಎಂಜಿನ್ನಿನ ಅಳತೆ ತೆಗೆದು ಹೊಲಿಸಿದ ಅಂಗಿ. ಇದನ್ನು ನನಗೆ ಹೇಳಿಕೊಟ್ಟದ್ದು ಕುಶಾಲನಗರದ ಒಬ್ಬ ಹಳೇ ಮೆಕ್ಯಾನಿಕ್. ನನಗೆ ಸ್ವಂತವಾಗಿ ಗೊತ್ತಿರುವುದು ಜೀಪಿನ ಹಿಂದಿನ ಸೀಟಲ್ಲಿ ಕೂತರೆ ಸೊಂಟ ಏನಾಗುತ್ತದೆ ಅನ್ನುವುದಷ್ಟೇ.

ಇನ್ನೂ ಒಂದಿದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳನ್ನು ವಿಂಟೇಜ್ ಅಂತ ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಶುಲ್ಕ 20 ಸಾವಿರ, ಹತ್ತು ವರ್ಷಕ್ಕೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಂತ ಬರುತ್ತದೆ. ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಷ್ಟಕ್ಕೇ ರಸ್ತೆಗಿಳಿಯಬಹುದು. ನಿಮಗಿದು ಬೇಡದೇ ಇರಬಹುದು. ಕೊಳ್ಳುವವರಿಗೆ ಬೇಕಾಗುತ್ತದೆ. ಬೇರೆ ಎಂಜಿನ್ ಕೂರಿಸಿದ ದಿನ ಆ ದಾರಿ ಮುಚ್ಚಿತು. ಬೆಂಗಳೂರಿನವರು ಎರಡು ಮುಕ್ಕಾಲು ಲಕ್ಷ, 80 ಸಾವಿರ ಅಂತ ಇಷ್ಟು ಅಂತರದಲ್ಲಿ ಹೇಳುತ್ತಿರುವುದು ಸುಮ್ನೆ ಅಲ್ಲ.

ಈಗ ಆ ಊಟದ ದಿನಕ್ಕೆ ಬರೋಣ. ಪಾಲಿನ ವಿಷಯದಲ್ಲಿ ನಿಮಗೆ ಬೇಸರ ಆಗಿತ್ತು. ಆ ಬೇಸರ ನ್ಯಾಯವೇ ಇರಬಹುದು. ಆದರೆ ಸಹಿ ಹಾಕಿದ್ದು ನಿಮ್ಮ ಹೆಂಡತಿ, ಬೇಸರ ಇದ್ದರೆ ಬಾಯಿ ಬಿಡಬೇಕಾದದ್ದೂ ಅವರು. ನೀವು ಅವರ ಬದಲು ಮಾತಾಡಿದಿರಿ. ಅದೂ ಏನು? ಅವರಪ್ಪನ ಜೀಪಿಗೆ ಗುಜರಿ ಅಂದಿರಿ. ತೋಟದಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ನಮ್ಮ ಕಡೆ ಆಗ ಜೀಪೇ ಲಾರಿ, ಜೀಪೇ ಆಂಬುಲೆನ್ಸು, ಮಳೆ ಜಾಸ್ತಿಯಾದ ದಿನ ಜೀಪೇ ಸ್ಕೂಲ್ ಬಸ್ಸು. ಆ ಇಬ್ಬರು ಮಕ್ಕಳು ಕಾಫಿ ಮೂಟೆ ಮೇಲೆ ಕೂತು ಎಷ್ಟು ಸಲ ಅದರಲ್ಲಿ ಹೋಗಿರಬಹುದು! ಭಾಮೈದ ಅವತ್ತು ಎಲೆ ಮುಂದಿನಿಂದ ಎದ್ದು ಹೋದನೋ ಇಲ್ಲವೋ ನೀವು ಬರೆದಿಲ್ಲ. ಹೆಂಡತಿ ಎದ್ದು ಹೋಗಲಿಲ್ಲ. ಅವರು ‘ನಿಮ್ಮಿಷ್ಟ’ ಅನ್ನುವುದನ್ನು ಕಲಿತರು. ಅಪ್ಪನ ಬಾನೆಟ್ಟಿಗೆ ವರ್ಷಕ್ಕೊಮ್ಮೆ ಕುಂಕುಮ ಇಡುವವರ ‘ನಿಮ್ಮಿಷ್ಟ’ವನ್ನು ಒಪ್ಪಿಗೆ ಅಂತ ಓದಬೇಡಿ ಮಹರಾಯರೇ.

ಭಾಮೈದನ ಕಡೆಯಿಂದಲೂ ಒಂದು ಉತ್ತರ ಬಂದಿದೆ. ನೀವೇ ಅದನ್ನು ನನಗೆ ಬರೆದು ಕಳಿಸಿದ್ದೀರಿ, ಓದಿಕೊಂಡ ಹಾಗಿಲ್ಲ. ಬೋರ್ ಮಾಡಿಸಿದ ಎಂಜಿನ್ನನ್ನು ಕೊಡಗಿನ ಥಂಡಿಯಲ್ಲಿ ನೆಲದ ಮೇಲೆ ಬಿಟ್ಟರೆ ಸಿಲಿಂಡರ್ ಒಳಗೋಡೆಗೆ ತುಕ್ಕು ಹತ್ತಲು ಒಂದು ಮಳೆಗಾಲ ಸಾಕು. ಅವನು ಹಲಗೆ ಹಾಕಿದ್ದಾನೆ, ಟಾರ್ಪಲ್ ಹೊದಿಸಿದ್ದಾನೆ. ಒಳಗೆ ಎಣ್ಣೆ ಬಿಟ್ಟಿದ್ದಾನೋ ಏನೋ, ಹೋದಾಗ ನೋಡಿ. ಸಿಟ್ಟಿನಲ್ಲಿರುವವನಿಗೆ ಅದನ್ನು ತೂಕಕ್ಕೆ ಹಾಕೋದು ಎಷ್ಟು ಹೊತ್ತಿನ ಕೆಲಸ?

ನಮ್ಮ ನೆಂಟರಲ್ಲೇ ಒಂದು ತಾಮ್ರದ ಹಂಡೆಗೆ ಹದಿನಾಲ್ಕು ವರ್ಷ ಮಾತು ಬಿಟ್ಟ ಅಣ್ಣ-ತಂಗಿ ಇದ್ದಾರೆ. ಹಂಡೆ ಈಗ ತೂತಾಗಿದೆ. ಇಬ್ಬರಿಗೂ ಗೊತ್ತು, ಇಬ್ಬರೂ ಹೇಳಲ್ಲ.

ಹಾಗಾಗಿ ಹೋಗಿ. ಫೋನ್ ಬೇಡ, ವಾಟ್ಸಾಪ್ ಅಂತೂ ಬೇಡವೇ ಬೇಡ. ಕಾಫಿ ಕೊಯ್ಲು ಶುರುವಾದರೆ ಇಬ್ಬರಿಗೂ ಪುರುಸೊತ್ತು ಇರಲ್ಲ, ಅದಕ್ಕೆ ಮೊದಲೇ ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹೋಗಿ. ಅತ್ತೆಯೂ ಇರುವಾಗ, ‘ಅವತ್ತು ನಾನು ಹಾಗೆ ಅನ್ನಬಾರದಿತ್ತು’ ಅನ್ನಿ. ಅಲ್ಲಿಗೆ ನಿಲ್ಲಿಸಿ. ‘ಆದರೆ ನೀನೂ...’ ಅಂತ ಬಾಯಿ ತೆರೆದರೆ ಪೆಟ್ರೋಲ್ ಖರ್ಚು ದಂಡ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಂಜಿನ್ ಬೇಕಾಗಿದೆ ಅನ್ನುವುದನ್ನು ಮುಚ್ಚಿಟ್ಟು ತಪ್ಪೊಪ್ಪಿಕೊಂಡು, ಎರಡು ವಾರ ಬಿಟ್ಟು ಎಂಜಿನ್ ಕೇಳಿದಿರಿ ಅಂತಿಟ್ಟುಕೊಳ್ಳಿ. ಅವನಿಗೆ ಆ ಕ್ಷಮೆಯೂ ಗಾಳಕ್ಕೆ ಸಿಕ್ಕಿಸಿದ ಎರೆಹುಳದ ಹಾಗೆ ಕಾಣುತ್ತದೆ. ಅವತ್ತೇ, ಕಾಫಿ ಕುಡಿದಾದ ಮೇಲೆ, ನೀವಾಗಿಯೇ ಹೇಳಿ. ಮಗಳ ಫೀಸಿನ ವಿಷಯ, ಜೀಪು ಕೇಳಿದವರ ವಿಷಯ, ಅವರು ಹೇಳಿದ ರೇಟು, ಅಡ್ವಾನ್ಸ್ ತಗೊಂಡದ್ದು, ಎಲ್ಲವನ್ನೂ. ಸೋದರಮಾವ ಅವನು. ಅವಳ ಫೀಸಿನ ಮಾತು ಅವನಿಗೆ ಹೊರಗಿನವರಿಂದ ಗೊತ್ತಾಗುವುದು ಚೆನ್ನಾಗಿರಲ್ಲ ಅಲ್ವಾ?

ಅವನು ಏನೂ ಹೇಳಬಹುದು. ಮಾರೋಣ ಅಂದರೆ ಎರಡು ಮುಕ್ಕಾಲು ಲಕ್ಷವೂ ನಿಮ್ಮದು ಅಂದುಕೊಳ್ಳಬೇಡಿ. ಅತ್ತೆ ತಮ್ಮ ಪಾಲು ಬೇಡ ಅಂದರೂ ಅರ್ಧ ಅವನದ್ದು, ನಿಮ್ಮ ಮನೆಗೆ 1,37,500. ಫೀಸಿನ ಲೆಕ್ಕವನ್ನು ಇದರ ಮೇಲೇ ಹಾಕಿ. ಸಾಲದಿದ್ದರೆ ಶಿಕ್ಷಣ ಸಾಲಕ್ಕೆ ಈಗಲೇ ಅರ್ಜಿ ಕೊಡಿ, ಜೀಪಿನ ಮೇಲೆ ಕೂತು ಕಾಯಬೇಡಿ. ನಾನೇ ಇಟ್ಟುಕೊಳ್ತೀನಿ ಅಂದರೆ ಬೇರೆ ಯಾರಿಗಿಂತ ಮೊದಲು ಅವನಿಗೇ ಕೊಡಿ, ಅದೇ ರೇಟಿಗೆ. ಕಂತಿನಲ್ಲಿ ಕೊಡ್ತೀನಿ ಅಂದರೆ ಒಪ್ಪಿ, ಫೀಸ್ ಕಟ್ಟುವ ತಾರೀಖು ಮಾತ್ರ ಹೇಳಿಡಿ. ಮಾರೋದೂ ಬೇಡ, ಕೊಳ್ಳೋದೂ ಬೇಡ ಅಂದರೆ ಜೀಪು ಶೆಡ್ಡಲ್ಲೇ ಇರಲಿ. ಇಷ್ಟು ವರ್ಷ ಇತ್ತು, ಇನ್ನೊಂದು ಮಳೆಗಾಲ ಇರುತ್ತದೆ. ಆಗ ಮಗಳ ಫೀಸಿಗೆ ಬ್ಯಾಂಕೇ ದಾರಿ. ಕಷ್ಟವೇ, ಆದರೆ ಆಗದ್ದಲ್ಲ.

ಬೆಂಗಳೂರಿನವರಿಗೆ ಅಡ್ವಾನ್ಸ್ ನಾಳೆಯೇ ವಾಪಸ್ ಹಾಕಿ. ನಿಮ್ಮ ಕೈಯಲ್ಲಿಲ್ಲದ ಎಂಜಿನ್ನಿಗೆ ‘ಬರ್ತದೆ’ ಅಂತ ಹೇಳಿ ತಗೊಂಡ ಹಣ ಅದು. ಮನೆಯವರ ಒಪ್ಪಿಗೆ ಬೇಕು, ಕಾಗದ ಆಗಬೇಕು, ಆಮೇಲೆ ಮಾತಾಡೋಣ ಅನ್ನಿ. ನಿಜವಾಗಿ ಹಳೇ ಜೀಪಿನ ಹುಚ್ಚಿರುವವರು ಕಾಯುತ್ತಾರೆ. ಮಾರುವ ದಿನ ಬಂದರೆ ಚಾಸಿ ನಂಬರ್, ಎಂಜಿನ್ ನಂಬರ್, ತುಕ್ಕು ತಿಂದ ಜಾಗ, ಎಲ್ಲದರ ಫೋಟೋ ಮೊದಲೇ ಕಳಿಸಿ. ಓಡುವ ಸ್ಥಿತಿಯಲ್ಲಿಲ್ಲ ಅಂತ ಬಾಯಿಬಿಟ್ಟು ಹೇಳಿ. ಮತ್ತೆ ಕೆಲವರು ಹೇಳುವ ಹಾಗೆ ‘ಎರಡನೇ ಮಹಾಯುದ್ಧದ ಮಿಲಿಟರಿ ಜೀಪು’ ಅನ್ನೋದಕ್ಕೆ ಹೋಗಬೇಡಿ. ಯುದ್ಧಕಾಲದ ವಿಲ್ಲೀಸ್ ಗ್ರಿಲ್ಲಿಗೆ 9 ಸೀಳು, ಆಮೇಲಿನ ಸಿವಿಲ್ ಜೀಪಿಗೆ 7. ತಿಳಿದವರು ಗೇಟಿನಿಂದಲೇ ಎಣಿಸಿಬಿಡುತ್ತಾರೆ.

ಮತ್ತೆ ಆ ಕಾರ್ಬುರೇಟರ್. ಸಿದ್ದಾಪುರಕ್ಕೆ ಹೊರಡುವಾಗ ಬೀರುವಿನಿಂದ ಅದನ್ನು ತೆಗೆದುಕೊಳ್ಳಿ. ಹೋದ ಕೂಡಲೇ ಸ್ಟೋರ್ ಕಡೆ ನಡೆಯಬೇಡಿ. ಜಗುಲಿ ಮೇಲೆ, ಅವನ ಕಣ್ಣಿಗೆ ಬೀಳುವ ಹಾಗೆ ಇಡಿ.